ಅನ್ನ ಪಲ್ಯದ ಜಾಗ ಬದಲಾಗಲಿ: ಮನೆ ಅಡುಗೆಯಲ್ಲೇ ಪ್ಯಾಲಿಯೋ ಊಟ

ಮೊದಲ ಸಲ ನಾನು ಪ್ಯಾಲಿಯೋ ಊಟ ಶುರು ಮಾಡಿದಾಗ ಅನ್ನ, ಮುದ್ದೆ, ಬೇಳೆ, ಮೊಸರು, ಸಕ್ಕರೆ ಎಲ್ಲವನ್ನೂ ಒಂದೇ ದಿನ ಬಿಟ್ಟೆ. ಎರಡನೇ ದಿನಕ್ಕೆ ತಲೆನೋವು ಬಂತು. ನಾಲ್ಕನೇ ದಿನಕ್ಕೆ ಮೆಟ್ಟಿಲು ಹತ್ತಲೂ ಸುಸ್ತು. ಮೂರನೇ ವಾರ ಮದುವೆಮನೆಯಲ್ಲಿ ಎಲೆಯ ಮುಂದೆ ಕೂತಾಗ ಆ ಪ್ರಯತ್ನ ಮುಗಿದೇ ಹೋಯಿತು. ಎರಡನೇ ಸಲ ಬೇರೆ ದಾರಿ ಹಿಡಿದೆ. ಏನನ್ನಾದರೂ ಬಿಡುವ ಮೊದಲು ಅದರ ಜಾಗಕ್ಕೆ ಇನ್ನೊಂದನ್ನು ತಂದಿಟ್ಟೆ. ಅದು ಇವತ್ತಿಗೂ ನಡೆಯುತ್ತಿದೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಪ್ಯಾಲಿಯೋ ಅಂದರೆ ಹಳೆ ಶಿಲಾಯುಗದವರ ಊಟವನ್ನು ಹೋಲುವ ಊಟ. ಬೇಸಾಯ ಶುರುವಾಗಿ ಸುಮಾರು 10,000ದಿಂದ 12,000 ವರ್ಷ ಆಗಿದೆ. ಅದಕ್ಕೂ ಮುಂಚೆ ಲಕ್ಷಾಂತರ ವರ್ಷ ಮನುಷ್ಯರು ಬೇಟೆಯಾಡಿ, ಗೆಡ್ಡೆ ಅಗೆದು, ಕಾಯಿ ಹಣ್ಣು ಆಯ್ದು ಬದುಕಿದರು. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಅಂಥವರು ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ ಸಿಕ್ಕಿದೆ. ಅದು ಸುಮಾರು 12 ಲಕ್ಷ ವರ್ಷ ಹಳೆಯದು ಎಂದು ಲೆಕ್ಕ ಹಾಕಿದ್ದಾರೆ. ನಮ್ಮ ಮೈ ಪಳಗಿರುವುದು ಆ ಕಾಲದ ಊಟಕ್ಕೆ, ಈಗಿನ ಊಟಕ್ಕಲ್ಲ ಎಂಬ ವಾದವನ್ನು 1985ರಲ್ಲಿ ಅಮೆರಿಕದ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಮುಂದಿಟ್ಟರು. ಅಲ್ಲಿಂದ ಇದು ಊಟದ ಪದ್ಧತಿಯಾಗಿ ಬೆಳೆಯಿತು. ಮಾಂಸ, ಮೀನು, ಮೊಟ್ಟೆ, ತರಕಾರಿ, ಸೊಪ್ಪು, ಗೆಡ್ಡೆ, ಹಣ್ಣು, ಬಾದಾಮಿಯಂಥ ಬೀಜಗಳು ಇದರಲ್ಲಿ ಉಂಟು. ಅಕ್ಕಿ, ಗೋಧಿ, ರಾಗಿ, ಬೇಳೆಕಾಳು, ಹಾಲು, ಸಕ್ಕರೆ, ಪ್ಯಾಕೆಟ್ ತಿಂಡಿ ಇಲ್ಲ.

ರಾಶಿ ಮಾಂಸ ತಿನ್ನುವುದೇ ಪ್ಯಾಲಿಯೋ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಸ್ವೀಡನ್ನಿನ ವೈದ್ಯ ಸ್ಟಾಫನ್ ಲಿಂಡೆಬರ್ಗ್ 1990ರ ಸುಮಾರಿಗೆ ಪಪುವಾ ನ್ಯೂಗಿನಿಯ ಕಿಟಾವ ದ್ವೀಪಕ್ಕೆ ಹೋಗಿ ಅಲ್ಲಿನ ಜನರನ್ನು ಪರೀಕ್ಷಿಸಿದರು. ಹೃದಯಾಘಾತ, ಪಾರ್ಶ್ವವಾಯು ಅಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪವಾಗಿದ್ದವು. ಅವರು ತಿನ್ನುತ್ತಿದ್ದದ್ದು ಗೆಣಸು, ಕೆಸುವಿನ ಗೆಡ್ಡೆ, ಹಣ್ಣು, ತೆಂಗಿನಕಾಯಿ, ಮೀನು. ಇದನ್ನು ಓದಿದಾಗ ನನಗೆ ನಮ್ಮ ಕರಾವಳಿಯ ಅಡುಗೆಮನೆಯೇ ಕಣ್ಣ ಮುಂದೆ ಬಂತು. ಜೋಯಿಡಾದ ಕುಣಬಿಗಳು ಇವತ್ತಿಗೂ ಬಗೆಬಗೆಯ ಗೆಡ್ಡೆ ಬೆಳೆಯುತ್ತಾರೆ, ಅಲ್ಲಿ ಗೆಡ್ಡೆ ಗೆಣಸಿನ ಮೇಳವೇ ನಡೆಯುತ್ತದೆ. ಅಂದಮೇಲೆ ಈ ಊಟಕ್ಕಾಗಿ ಆವಕಾಡೊ ಹುಡುಕಿಕೊಂಡು ಹೋಗಬೇಕಿಲ್ಲ.

ಶುರು ಮಾಡುವ ಮೊದಲು

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ನೀವು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅನ್ನ ಕಡಿಮೆ ಮಾಡಿದ ಕೂಡಲೇ ಶುಗರ್ ತೀರಾ ಕೆಳಗಿಳಿಯಬಹುದು. ಡಾಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಅನ್ನ, ಗೆಡ್ಡೆಯಂಥ ಪಿಷ್ಟವನ್ನು ಪೂರ್ತಿ ಬಿಟ್ಟರೆ ಬೇರೆಯೇ ಅಪಾಯವಿದೆ, ರಕ್ತದಲ್ಲಿ ಆಮ್ಲ ಏರಬಹುದು. ಹಾಗಾಗಿ ಮೊದಲು ಡಾಕ್ಟರ ಹತ್ತಿರ ಮಾತಾಡಿ, ಮಾತ್ರೆಯ ಪ್ರಮಾಣ ಸರಿ ಮಾಡಿಸಿಕೊಳ್ಳಿ. ಕಿಡ್ನಿ ತೊಂದರೆ ಇರುವವರು ಮಾಂಸ, ಮೊಟ್ಟೆಯನ್ನು ತಾವಾಗಿಯೇ ಹೆಚ್ಚಿಸಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಏಕಾಏಕಿ ಜಾಸ್ತಿ ಮಾಡಬಾರದು, ಅದರಲ್ಲಿರುವ ಕೆ ವಿಟಮಿನ್ ಆ ಔಷಧದ ಕೆಲಸವನ್ನು ತಗ್ಗಿಸುತ್ತದೆ. ಬಸುರಿ, ಬಾಣಂತಿಯರಿಗೆ, ಬೆಳೆಯುವ ಮಕ್ಕಳಿಗೆ ಈ ಪಥ್ಯ ಬೇಡ.

ಮೊದಲ ಎರಡು ವಾರ: ಡಬ್ಬ ಖಾಲಿ ಮಾಡಿ

ಅನ್ನ, ಮುದ್ದೆ ಮುಟ್ಟಬೇಡಿ. ಅವು ಇದ್ದ ಹಾಗೇ ಇರಲಿ. ಬಿಸ್ಕತ್ತು, ರಸ್ಕು, ಖಾರಾ ಬನ್, ಮಿಕ್ಸ್ಚರ್, ತಂಪು ಪಾನೀಯ, ದಿಢೀರ್ ನೂಡಲ್ಸ್ ಮಾತ್ರ ಹೊರಗೆ ಹೋಗಲಿ. ಆಮೇಲೆ ಕಾಫಿ ಲೋಟದ ಕಡೆ ನೋಡಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ ಎಂಟು ಚಮಚ ಸಕ್ಕರೆ. ಗ್ರಾಂ ಲೆಕ್ಕದಲ್ಲಿ 30ಕ್ಕೂ ಹೆಚ್ಚು. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಫಿಯಲ್ಲೇ ಅದು ದಾಟಿತು, ಅಲ್ವಾ? ನಾಲ್ಕು ದಿನಕ್ಕೊಮ್ಮೆ ಲೋಟಕ್ಕೆ ಅರ್ಧ ಚಮಚ ಇಳಿಸಿ. ಎರಡು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡರೆ ಏನೂ ಲಾಭವಿಲ್ಲ, ಮೈಗೆ ಎರಡೂ ಹೆಚ್ಚುಕಮ್ಮಿ ಒಂದೇ.

ಸಂಜೆ ಐದಕ್ಕೆ ಕೈ ಡಬ್ಬದ ಕಡೆಗೇ ಹೋಗುತ್ತದೆ. ಆ ಡಬ್ಬದಲ್ಲಿ ಹುರಿದ ಬಾದಾಮಿ, ಕುಂಬಳ ಬೀಜ, ಒಣಕೊಬ್ಬರಿ ಚೂರು ಇರಲಿ. ಪಕ್ಕದಲ್ಲಿ ಸೀಬೆಹಣ್ಣು. ಬೇಯಿಸಿದ ಗೆಣಸೂ ಆದೀತು. ಕಡಲೆಕಾಯಿ ಬೇಳೆಕಾಳಿನ ಜಾತಿ, ಕಟ್ಟುನಿಟ್ಟಿನವರು ಬೇಡ ಅನ್ನುತ್ತಾರೆ. ಆದರೆ ಬಿಸ್ಕತ್ತಿಗಿಂತ ಬೇಯಿಸಿದ ಕಡಲೆಕಾಯಿ ಎಷ್ಟೋ ಮೇಲು.

ಮೂರನೇ ವಾರದಿಂದ: ತಟ್ಟೆ ತಿರುಗಿಸಿ

ಇಡೀ ಕೆಲಸದ ಜೀವಾಳ ಇದೇ. ನಮ್ಮ ತಟ್ಟೆಯಲ್ಲಿ ನಡುವೆ ಅನ್ನದ ಗುಡ್ಡೆ, ಅಂಚಿನಲ್ಲಿ ಒಂದು ಚಮಚ ಪಲ್ಯ. ಇದನ್ನು ತಲೆಕೆಳಗು ಮಾಡಬೇಕು. ಬಡಿಸುವ ಕ್ರಮ ಬದಲಾಯಿಸಿದರೆ ಸುಲಭ. ಮೊದಲು ಪಲ್ಯ, ದೊಡ್ಡ ಸೌಟಿನಲ್ಲಿ ಎರಡು ಸೌಟು. ಆಮೇಲೆ ಮೀನು, ಕೋಳಿ, ಮೊಟ್ಟೆ ಅಥವಾ ಕಾಳು. ಅನ್ನ ಕೊನೆಗೆ, ಸಣ್ಣ ಬಟ್ಟಲಲ್ಲಿ ಒಂದೇ ಬಟ್ಟಲು. ಅದನ್ನು ತಟ್ಟೆಗೆ ಸುರಿದುಕೊಳ್ಳುವ ಹೊತ್ತಿಗೆ ಅರ್ಧ ಹೊಟ್ಟೆ ತುಂಬಿರುತ್ತದೆ.

ಇಷ್ಟು ಪಲ್ಯ ತಿನ್ನಬೇಕಾದರೆ ದಿನಕ್ಕೆ ಎರಡು ತರಕಾರಿಯಾದರೂ ಬೇಕು. ಒಂದೇ ಬೀನ್ಸ್ ಪಲ್ಯ ವಾರವಿಡೀ ತಿಂದರೆ ಬೇಜಾರು ಬಂದೇ ಬರುತ್ತದೆ. ಪಡವಲ, ಹೀರೆ, ಸೋರೆ, ತೊಂಡೆ, ಹಾಗಲ, ಸೀಮೆಬದನೆ, ನವಿಲುಕೋಸು ಎಂದು ಸರದಿ ಹಾಕಿಕೊಳ್ಳಿ. ಬದನೆಕಾಯಿ ಸುಟ್ಟು ಗೊಜ್ಜು ಮಾಡಿ. ಸುವರ್ಣಗೆಡ್ಡೆಯನ್ನು ಹುಣಸೆಹುಳಿಯಲ್ಲಿ ಬೇಯಿಸಿದರೆ ತುರಿಕೆ ಇರುವುದಿಲ್ಲ. ಸೊಪ್ಪಿನ ವಿಷಯಕ್ಕೆ ಬಂದರೆ ನಮ್ಮಷ್ಟು ಅದೃಷ್ಟವಂತರು ಕಡಿಮೆ. ದಂಟು, ಸಬ್ಬಸಿಗೆ, ಮೆಂತ್ಯ, ನುಗ್ಗೆ, ಬಸಳೆ, ಹೊನಗೊನೆ. ಹಳೆ ಮೈಸೂರು ಕಡೆ ಮಳೆ ಬಿದ್ದ ಮೇಲೆ ಹೆಂಗಸರು ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಕೀಳುತ್ತಾರಲ್ಲ, ಯಾರೂ ಬಿತ್ತದೆ ತಾನಾಗಿ ಬೆಳೆದ ಸೊಪ್ಪು, ಅದನ್ನು ಹುಡುಕಿ ಆಯ್ದು ತಂದು ಬಸ್ಸಾರು ಮಾಡುತ್ತಾರಲ್ಲ, ಶಿಲಾಯುಗದವರು ಮಾಡುತ್ತಿದ್ದದ್ದೂ ಇದನ್ನೇ. ಸಂತೆಯಲ್ಲಿ ಬೆರಕೆ ಸೊಪ್ಪು ಕಂಡರೆ ಬಿಡಬೇಡಿ.

ಬೆಳಗಿನ ತಿಂಡಿ ನಿಜಕ್ಕೂ ಕಷ್ಟ. ಇಡ್ಲಿ, ದೋಸೆ, ಉಪ್ಪಿಟ್ಟು, ಚಿತ್ರಾನ್ನ ಎಲ್ಲವೂ ಧಾನ್ಯವೇ. ಮೊದಲು ವಾರಕ್ಕೆ ಮೂರು ದಿನ ಮಾತ್ರ ಬದಲಿಸಿ. ಈರುಳ್ಳಿ, ಹಸಿಮೆಣಸಿನಕಾಯಿ, ಒಂದು ಹಿಡಿ ನುಗ್ಗೆಸೊಪ್ಪು ಬಾಡಿಸಿ ಎರಡು ಮೊಟ್ಟೆ ಒಡೆದು ಹಾಕಿ. ಜೊತೆಗೆ ಒಂದು ಬೇಯಿಸಿದ ಗೆಣಸು. ಹತ್ತು ನಿಮಿಷದ ಕೆಲಸ, ಮಧ್ಯಾಹ್ನದವರೆಗೆ ಹಸಿವಾಗುವುದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಮೀನು ಸಿಗುವ ಊರಿನವರು ವಾರಕ್ಕೆ ಎರಡು ಮೂರು ಸಲ ಬೂತಾಯಿ, ಬಂಗುಡೆ ತನ್ನಿ. ದುಬಾರಿ ಮೀನು ಬೇಕಿಲ್ಲ, ಹೃದಯಕ್ಕೆ ಒಳ್ಳೆಯದಾದ ಒಮೆಗಾ–3 ಈ ಎಣ್ಣೆ ಮೀನುಗಳಲ್ಲೇ ಹೆಚ್ಚು. ಕರಿಯಬೇಡಿ, ಪುಳಿಮುಂಚಿ ಮಾಡಿ.

ರಾಗಿ, ಹುರುಳಿ, ಮೊಸರು ಬಿಡಬೇಕಾ?

ಎರಡು ತಿಂಗಳ ನಂತರ ಈ ಪ್ರಶ್ನೆ ಬರುತ್ತದೆ. ಕಟ್ಟುನಿಟ್ಟಿನ ಪಟ್ಟಿ ಬಿಡಿ ಅನ್ನುತ್ತದೆ. ನಾನು ಒಪ್ಪುವುದಿಲ್ಲ. ಬೇಸಾಯಕ್ಕೆ ಸಾವಿರಾರು ವರ್ಷ ಮುಂಚೆಯೇ ಜನ ಕಾಡು ಧಾನ್ಯ ಕುಟ್ಟಿ ತಿಂದಿದ್ದಾರೆ. ಜೋರ್ಡಾನಿನಲ್ಲಿ 14,000 ವರ್ಷಕ್ಕೂ ಹಳೆಯ ರೊಟ್ಟಿಯ ಚೂರುಗಳು ಸಿಕ್ಕಿವೆ. ನಮ್ಮ ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಹುರುಳಿ, ಹೆಸರು, ಕಿರುಧಾನ್ಯದ ಕಾಳು ಸಿಕ್ಕಿವೆ. ಹುರುಳಿಯನ್ನು ಪಳಗಿಸಿದ್ದೇ ಈ ನೆಲದ ಜನ.

ಅದಕ್ಕೇ ನನ್ನ ಸಲಹೆ ಹೀಗಿದೆ. ಮಾಂಸ ತಿನ್ನುವವರು ರಾತ್ರಿ ಊಟದಲ್ಲಿ ಧಾನ್ಯ ಬಿಡಿ, ಮಧ್ಯಾಹ್ನ ಅರ್ಧ ಮುದ್ದೆ ಅಥವಾ ಒಂದು ಬಟ್ಟಲು ಅನ್ನ ಇಟ್ಟುಕೊಳ್ಳಿ. ಸಸ್ಯಾಹಾರಿಗಳು ಕಾಳು, ಮೊಸರು ಬಿಡಲೇಬೇಡಿ. ಬಿಟ್ಟರೆ ಪ್ರೋಟೀನ್ ಸಾಲುವುದಿಲ್ಲ, ಬಿ12 ಸಿಗುವುದಿಲ್ಲ. ಕಾಳನ್ನು ರಾತ್ರಿ ನೆನೆಸಿ, ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಿ. ಆಗ ಕಬ್ಬಿಣದ ಅಂಶ ಮೈಗೆ ಹಿಡಿಯುವುದನ್ನು ತಡೆಯುವ ವಸ್ತುಗಳು ಕಡಿಮೆಯಾಗುತ್ತವೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಹಾಲು ಬಿಟ್ಟು ನೋಡಿ. ಬಿಟ್ಟ ಮೇಲೆ ಸುಣ್ಣದ ಅಂಶಕ್ಕೆ ಎಳ್ಳು, ಸೊಪ್ಪು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಬೇಕು. ರಾಗಿ ಇಟ್ಟುಕೊಂಡವರಿಗೆ ಆ ಚಿಂತೆ ಕಡಿಮೆ, ಅದರ 100 ಗ್ರಾಮಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ ಇದೆ.

ಉಪ್ಪಿನ ವಿಷಯ ಒಂದು ಹೇಳಬೇಕು. ಸ್ವೀಡನ್ನಿನಲ್ಲಿ ತೂಕ ಹೆಚ್ಚಿದ್ದ, ಮುಟ್ಟು ನಿಂತ 70 ಹೆಂಗಸರನ್ನು 2 ವರ್ಷ ಗಮನಿಸಿದರು. ಅರ್ಧದಷ್ಟು ಜನಕ್ಕೆ ಪ್ಯಾಲಿಯೋ ಊಟ. ಅವರಲ್ಲಿ ಅಯೋಡಿನ್ ಕೊರತೆ ಕಾಣಿಸಿಕೊಂಡಿತು. ಪ್ಯಾಲಿಯೋ ಹೆಸರಲ್ಲಿ ಗುಲಾಬಿ ಬಣ್ಣದ ಉಪ್ಪು, ಕಲ್ಲುಪ್ಪಿಗೆ ಹೋಗುವವರು ಇದನ್ನು ನೆನಪಿಡಿ. ಉಪ್ಪು ಕಡಿಮೆ ಹಾಕಿ, ಆದರೆ ಅಯೋಡಿನ್ ಇರುವ ಉಪ್ಪನ್ನೇ ಹಾಕಿ. ಎಣ್ಣೆ ಡಬ್ಬದ ಮೇಲೆ ತೆರೆದ ತಾರೀಖು ಬರೆಯಿರಿ, ಎಷ್ಟು ದಿನ ಬಂತು ಎಂದು ಗೊತ್ತಾದರೆ ಕೈ ತಾನಾಗಿ ಬಿಗಿಯಾಗುತ್ತದೆ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಜಾಸ್ತಿ ಇರುವವರು ತೆಂಗಿನೆಣ್ಣೆ, ತುಪ್ಪ ಸುರಿಯಬೇಡಿ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. 6 ತಿಂಗಳಿಗೆ ಪ್ಯಾಲಿಯೋದವರ ಕೊಬ್ಬು ಉಳಿದವರಿಗಿಂತ ಹೆಚ್ಚು ಕರಗಿತ್ತು. 2 ವರ್ಷದ ಹೊತ್ತಿಗೆ ಆ ವ್ಯತ್ಯಾಸ ದೊಡ್ಡದಾಗಿ ಉಳಿಯಲಿಲ್ಲ. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಮಾತ್ರ ಕಡಿಮೆಯೇ ಇತ್ತು. ತೂಕ ಬೇಗ ಇಳಿಸುವ ಆತುರದಲ್ಲಿ ಬರುವವರಿಗೆ ನಾನು ಇದನ್ನು ಮೊದಲೇ ಹೇಳುತ್ತೇನೆ. ನಿಧಾನವಾಗಿ, ಮನೆಯವರ ಅಡುಗೆಯ ಜೊತೆಗೇ ಹೊಂದಿಸಿಕೊಂಡರೆ ಮಾತ್ರ ವರ್ಷಗಟ್ಟಲೆ ನಡೆಯುತ್ತದೆ. ನಿಮಗೊಂದು, ಮನೆಯವರಿಗೊಂದು ಅಡುಗೆ ಬೇಡ. ಸಾರು, ಪಲ್ಯ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಆಗಲಿ, ಬಡಿಸಿಕೊಳ್ಳುವ ಲೆಕ್ಕ ಮಾತ್ರ ಬೇರೆ ಇರಲಿ.

ಮೈಗೂ ಕೆಲಸ ಕೊಡಿ

ಟಾಂಜಾನಿಯಾದ ಹಡ್ಜಾ ಜನರಲ್ಲಿ ಕೆಲವರು ಇವತ್ತಿಗೂ ಬೇಟೆ, ಆಯುವಿಕೆಯಿಂದ ಬದುಕುತ್ತಾರೆ. ದಿನಕ್ಕೆ ಎರಡು ಗಂಟೆಯಷ್ಟಾದರೂ ಅವರ ಮೈ ಚೆನ್ನಾಗಿ ದಣಿಯುತ್ತದೆ. ನಮಗೆ ಅಷ್ಟಾಗದಿದ್ದರೂ ದಿನಕ್ಕೆ 40 ನಿಮಿಷ ಬಿರುಸಾಗಿ ನಡೆಯಿರಿ. ವಾರಕ್ಕೆ ಎರಡು ದಿನ ಬಸ್ಕಿ ಹೊಡೆಯಿರಿ, ತೂಕ ಎತ್ತಿ. ಸಂತೆಗೆ ನಡೆದು ಹೋಗಿ, ಎರಡೂ ಕೈಯಲ್ಲಿ ತರಕಾರಿ ಚೀಲ ಹೊತ್ತು ಬಂದರೂ ಅದು ವ್ಯಾಯಾಮವೇ. ಮೊದಲ ವಾರಗಳಲ್ಲಿ ಸುಸ್ತು ಅನ್ನಿಸಿದರೆ ಗೆಡ್ಡೆ ಹೆಚ್ಚಿಸಿ, ನೀರು ಕುಡಿಯಿರಿ.

ಮದುವೆ, ಹಬ್ಬಕ್ಕೆ ಹೋದಾಗ ಹೋಳಿಗೆ ತಿನ್ನಿ, ಸಂತೋಷವಾಗಿ ತಿನ್ನಿ. ಮಾರನೇ ಬೆಳಗ್ಗೆ ಸೊಪ್ಪು, ಮೊಟ್ಟೆಗೆ ವಾಪಸ್ ಬನ್ನಿ. ಶುರು ಮಾಡುವ ದಿನ ರಕ್ತದ ಕೊಬ್ಬು, ಎಚ್‌ಬಿಎ1ಸಿ, ಬಿ12 ಪರೀಕ್ಷೆ ಮಾಡಿಸಿ, ಸೊಂಟದ ಅಳತೆ ಬರೆದಿಟ್ಟುಕೊಳ್ಳಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಶುಗರ್ ಲೆಕ್ಕ ಹೇಳುತ್ತದೆ. ಹಾಗಾಗಿ ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಿ, ಎರಡೂ ಚೀಟಿ ಹಿಡಿದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ.