ಟೈಲರ್ ಕುತ್ತಿಗೆಗೆ ಕರೆಂಟ್ ಎಷ್ಟು? – ನನ್ನ ಅನುಭವ

ನಾನು ನರರೋಗದ ಡಾಕ್ಟರ್. ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಶನ್) ಅಂದರೆ ಮೆದುಳಿನೊಳಗೆ ತಂತಿ ಇಟ್ಟು ಕರೆಂಟ್ ಕೊಡುವ ಚಿಕಿತ್ಸೆ. ತಂತಿ ಇಡುವುದು ಸರ್ಜನ್ ಕೆಲಸ. ಆ ತಂತಿಯ ಯಾವ ಜಾಗದಿಂದ ಎಷ್ಟು ಕರೆಂಟ್ ಹೋಗಬೇಕು ಅಂತ ಹೊಂದಿಸುವುದು ನನ್ನದು. ಪ್ರೋಗ್ರಾಮಿಂಗ್ ಅನ್ನುತ್ತೇವೆ. ಸರ್ವೈಕಲ್ ಡಿಸ್ಟೋನಿಯಾಕ್ಕೆ, ಅಂದರೆ ಕತ್ತಿನ ಸ್ನಾಯುಗಳು ತಾವಾಗೇ ಬಿಗಿದು ತಲೆ ತಿರುಚುವ ಕಾಯಿಲೆಗೆ, ನಾನು ಮೊದಲು ಪ್ರೋಗ್ರಾಮಿಂಗ್ ಮಾಡಿದ್ದು ಒಬ್ಬ ಟೈಲರ್‌ಗೆ.

ಅವರ ಕತ್ತು ತಾನಾಗೇ ಎಡಕ್ಕೆ ತಿರುಗುತ್ತಿತ್ತು. ಸೂಜಿ ಎದುರಿಗೆ, ಮುಖ ಕಿಟಕಿ ಕಡೆಗೆ. ಅಳತೆ ಟೇಪಿನ ತುದಿಯನ್ನು ಗದ್ದಕ್ಕೆ ತಾಗಿಸಿಕೊಂಡರೆ ಮಾತ್ರ ಸ್ವಲ್ಪ ಹೊತ್ತು ನೇರ ನಿಲ್ಲುತ್ತಿತ್ತು. ಸುಮ್ನೆ ಮುಟ್ಟಿದರೆ ಸರಿಹೋಗುತ್ತಲ್ಲ, ಇದು ನಾಟಕ ಅಂದವರೂ ಇದ್ದರು. ನಾಟಕ ಅಲ್ಲ. ಹಾಗೆ ಮುಟ್ಟಿಕೊಂಡರೆ ಸಡಿಲವಾಗುವುದು ಈ ಕಾಯಿಲೆಯದೇ ಗುರುತು.

ಮೊದಲ ಚಿಕಿತ್ಸೆ ಬಿಗಿದ ಸ್ನಾಯು ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಇಂಜೆಕ್ಷನ್, ಸುಮಾರು ಮೂರು ತಿಂಗಳಿಗೊಮ್ಮೆ. ಬಹಳ ಜನಕ್ಕೆ ಅಷ್ಟೇ ಸಾಕಾಗುತ್ತದೆ. ಇವರಿಗೂ ಕೆಲವು ವರ್ಷ ಚೆನ್ನಾಗಿ ಹಿಡಿಯಿತು, ಆಮೇಲೆ ಹಿಡಿಯಲಿಲ್ಲ. ಡಿಬಿಎಸ್ ಮಾತು ಬಂದಾಗ ಅವರ ಹೆಂಡತಿ ನೇರವಾಗಿ ಕೇಳಿದರು: "ತಲೆಗೆ ತೂತು ಹಾಕಿದ ಮೇಲೆ ಗುಣ ಆಗುತ್ತೆ ಅಂತ ಏನು ಗ್ಯಾರಂಟಿ, ಡಾಕ್ಟ್ರೇ?" ಗ್ಯಾರಂಟಿ ಇಲ್ಲಮ್ಮ ಅಂದೆ. 2014ರಲ್ಲಿ ಪ್ರಕಟವಾದ ಯುರೋಪಿನ ಒಂದು ಅಧ್ಯಯನದ ಬಗ್ಗೆ ಹೇಳಿದೆ. 62 ರೋಗಿಗಳು, ಎಲ್ಲರಿಗೂ ಆಪರೇಷನ್. ಮೂರು ತಿಂಗಳು ಅರ್ಧ ಜನಕ್ಕೆ ಕರೆಂಟ್ ಇತ್ತು, ಉಳಿದವರಿಗೆ ಇರಲಿಲ್ಲ. ಯಾರಿಗೆ ಇದೆ ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಕರೆಂಟ್ ಇದ್ದವರ ಕತ್ತು ಜಾಸ್ತಿ ಸುಧಾರಿಸಿತು. ಖರ್ಚು ಲಕ್ಷಗಳಲ್ಲಿ ಅನ್ನುವುದನ್ನೂ ಮುಚ್ಚಿಡಲಿಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಮೆದುಳಿನ ಎರಡೂ ಕಡೆ ಗ್ಲೋಬಸ್ ಪ್ಯಾಲಿಡಸ್ ಇಂಟರ್ನಾ ಅನ್ನುವ ಭಾಗದಲ್ಲಿ ಒಂದೊಂದು ತಂತಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ.

ಎಡವಿದ್ದು ನಾನು.

ಕೈ ನಡುಕಕ್ಕೆ ಡಿಬಿಎಸ್ ಮಾಡಿದಾಗ ಕರೆಂಟ್ ಏರಿಸುತ್ತಿದ್ದ ಹಾಗೇ ನಡುಕ ನಿಲ್ಲುವುದು ಕಣ್ಣಿಗೇ ಕಾಣುತ್ತದೆ. ನನಗೆ ಆ ಅಭ್ಯಾಸ. ಡಿಸ್ಟೋನಿಯಾದಲ್ಲಿ ಹಾಗಲ್ಲ. ಕತ್ತಿನ ಎಳೆತ ಬಿಡುವುದಕ್ಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಹಾಗಾದರೆ ಮೊದಲ ದಿನ ತಂತಿಯ ಯಾವ ಕಾಂಟ್ಯಾಕ್ಟ್ (ಕರೆಂಟ್ ಹೊರಬರುವ ಜಾಗ) ಸರಿ ಅಂತ ಹೇಗೆ ಆರಿಸುವುದು? ಸ್ಕ್ಯಾನ್‌ನಲ್ಲಿ ಅದು ಕೂತ ಜಾಗ ನೋಡಿಕೊಂಡು, ತೊಂದರೆ ಎಲ್ಲಿ ಶುರುವಾಗುತ್ತದೆ ಅಂತ ಗಮನಿಸಿ. ಕಣ್ಣೆದುರು ಮಿಂಚಿದ ಹಾಗಾದರೆ ಕರೆಂಟ್ ಕೆಳಗಿರುವ ದೃಷ್ಟಿನರದ ದಾರಿಗೆ ತಗುಲುತ್ತಿದೆ. ಮುಖ ಎಳೆದರೆ, ಮಾತು ತೊದಲಿದರೆ ಪಕ್ಕದ ಇಂಟರ್ನಲ್ ಕ್ಯಾಪ್ಸೂಲ್‌ಗೆ, ಅಂದರೆ ಮುಖ, ಕೈಕಾಲು ಆಡಿಸುವ ನರತಂತುಗಳ ಕಟ್ಟಿಗೆ. ಆ ಮಟ್ಟದಿಂದ ಸ್ವಲ್ಪ ಕೆಳಗೆ ಇಳಿಸಿ ನಿಲ್ಲಿಸಬೇಕು.

ಇಷ್ಟು ಸರಿಯಾಗೇ ಮಾಡಿದೆ. ಆದರೆ ವಾರ ಕಳೆದು ಬಂದರೆ ಕತ್ತು ಹಾಗೇ ಇತ್ತು. ಏರಿಸಿದೆ. ಇನ್ನೊಂದು ವಾರ, ಕಾಂಟ್ಯಾಕ್ಟ್ ಬದಲಿಸಿದೆ. ಮತ್ತೆ ಏರಿಸಿದೆ. ಎರಡು ತಿಂಗಳಲ್ಲಿ ನನ್ನ ನೋಟ್ಸ್ ನನಗೇ ಅರ್ಥವಾಗದ ಹಾಗಾಯಿತು. ಕತ್ತು ಸ್ವಲ್ಪ ಸಡಿಲವಾಗಿತ್ತು, ನಿಜ. ಯಾವುದರಿಂದ ಅಂತ ಮಾತ್ರ ಹೇಳಲಾರೆ.

ಆಗ ಅವರೇ ಒಂದು ವಿಷಯ ಹೇಳಿದರು. "ಸಾರ್, ಮೆಷಿನ್ ತುಳಿಯೋಕೆ ಕಾಲು ಬರ್ತಿಲ್ಲ. ಬಟ್ಟೆ ಮೇಲೆ ಅಳತೆ ಬರೆದ್ರೆ ಅಕ್ಷರ ಚಿಕ್ಕದಾಗ್ತಾ ಹೋಗುತ್ತೆ." ತಂತಿ ಕೂತ ಆ ಜಾಗಕ್ಕೆ ಕರೆಂಟ್ ಜಾಸ್ತಿಯಾದರೆ ಪಾರ್ಕಿನ್ಸನ್ ಕಾಯಿಲೆಯ ಹಾಗೆ ಕೈಕಾಲು ನಿಧಾನವಾಗುವುದುಂಟು. ಓದಿದ್ದೆ. ಆದರೂ ನಾನು ಬರೀ ಕತ್ತನ್ನೇ ನೋಡುತ್ತಾ ಕೂತಿದ್ದೆ, ಕಾಲಿನ ಬಗ್ಗೆ ಒಂದು ಸಲವೂ ಕೇಳಿರಲಿಲ್ಲ.

ಹಿರಿಯ ಡಾಕ್ಟರೊಬ್ಬರಿಗೆ ತೋರಿಸಿದೆ. "ಆರು ವಾರ ಮುಟ್ಟಬೇಡ," ಅಂದರು, ಅಷ್ಟೇ. ಶುರುವಿನ ಕಾಂಟ್ಯಾಕ್ಟ್‌ಗೇ ವಾಪಸ್ ಬಂದೆ, 130 ಹರ್ಟ್ಸ್ (ಸೆಕೆಂಡಿಗೆ 130 ಸಲ), ಕರೆಂಟ್ ಕಡಿಮೆ. ಕೆಲವೇ ದಿನಗಳಲ್ಲಿ ಕಾಲಿನ ಲಯ ಮರಳಿತು. ಆರು ವಾರಕ್ಕೆ ಕತ್ತಿನ ಜರ್ಕ್ ಕಡಿಮೆಯಾಗಿತ್ತು. ತಿರುಚು ಬಿಟ್ಟಿದ್ದು ಇನ್ನೂ ತಡವಾಗಿ, ಐದಾರು ತಿಂಗಳಿಗೆ. ಪೂರ್ತಿ ನೇರ ಆಗಲಿಲ್ಲ. ಆದರೆ ಸೂಜಿಗೆ ದಾರ ಪೋಣಿಸುವಾಗ ಟೇಪ್ ಬೇಕಾಗುತ್ತಿರಲಿಲ್ಲ.

ಈಗ ಪ್ರತಿ ಭೇಟಿಯಲ್ಲೂ ಮೊದಲು ನಡೆಸಿ ನೋಡುತ್ತೇನೆ, ಒಂದು ಸಾಲು ಬರೆಸುತ್ತೇನೆ. ಕತ್ತು ಆಮೇಲೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಇನ್ನೊಂದು ವಿಷಯ. ಕತ್ತು ನೋವು ಅಂದರೆ ಫಿಸಿಯೋಥೆರಪಿಯಲ್ಲಿ ಡಯಾಥರ್ಮಿ (ತರಂಗಗಳಿಂದ ಒಳಗೆ ಕಾಯಿಸುವ) ಶಾಖ ಕೊಡುವುದುಂಟು. ಡಿಬಿಎಸ್ ಇರುವವರಿಗೆ ಅದನ್ನು ಕೊಡಲೇಬಾರದು. ತಂತಿಯ ತುದಿ ಕಾದು ಮೆದುಳು ಸುಡಬಹುದು, ಪ್ರಾಣಕ್ಕೇ ಅಪಾಯ. ಆ ಟೈಲರ್ ಜೊತೆಗಿಟ್ಟುಕೊಳ್ಳುವ ಡಿಬಿಎಸ್ ಕಾರ್ಡಿನ ಹಿಂದೆ ನಾನೇ ಕನ್ನಡದಲ್ಲಿ ದಪ್ಪಗೆ ಬರೆದುಕೊಟ್ಟಿದ್ದೇನೆ. ಅವರು ಅದನ್ನು ಅಂಗಡಿ ಗೋಡೆಗೂ ಅಂಟಿಸಿದ್ದಾರಂತೆ, ಸ್ಟಿಚಿಂಗ್ ರೇಟಿನ ಪಕ್ಕದಲ್ಲಿ.