ಜಾಲತಾಣದ ವಿಳಾಸವನ್ನು ಓದುವ ಬಗೆ

ಇಂಟರ್ನೆಟ್ ಮತ್ತು ವೆಬ್ ಒಂದೇ ಅಲ್ಲ. ಇಂಟರ್ನೆಟ್ ಎಂಬುದು ಲೋಕದ ಕಂಪ್ಯೂಟರುಗಳನ್ನು ಬೆಸೆದಿರುವ ಜಾಲ. 1989ರಲ್ಲಿ ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸರ್ನ್‌ನಲ್ಲಿದ್ದ ಟಿಮ್ ಬರ್ನರ್ಸ್-ಲೀ ಪ್ರಸ್ತಾಪಿಸಿದ ವೆಬ್, ಆ ಜಾಲದ ಮೇಲೆ ನಡೆಯುವ ಹಲವು ಸೇವೆಗಳಲ್ಲಿ ಒಂದು. ಇಮೇಲ್ ಅದಕ್ಕಿಂತಲೂ ಹಳೆಯದು.

ಹೊಸಬರು ಎಲ್ಲಕ್ಕಿಂತ ಮೊದಲು ರೂಢಿಸಿಕೊಳ್ಳಬೇಕಾದದ್ದು ಬ್ರೌಸರಿನಲ್ಲಿ, ಅಂದರೆ ಜಾಲತಾಣಗಳನ್ನು ತೆರೆದು ತೋರಿಸುವ ತಂತ್ರಾಂಶದಲ್ಲಿ, ಕಾಣುವ ತಾಣದ ವಿಳಾಸವನ್ನು ಓದುವ ಅಭ್ಯಾಸವೆಂದು ನನ್ನ ಅಭಿಪ್ರಾಯ. ವಿಳಾಸದ ಆರಂಭದ ‘ಎಚ್‌ಟಿಟಿಪಿಎಸ್’ (https) ಮತ್ತು ಅದರ ಎರಡು ಓರೆಗೆರೆಗಳನ್ನು (//) ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಯನ್ನು ಗುರುತಿಸಿ, ಅಲ್ಲಿಂದ ಹಿಂದಕ್ಕೆ, ಅಂದರೆ ಬಲದಿಂದ ಎಡಕ್ಕೆ ಓದಬೇಕು. ‘ಕೆಎನ್ ಡಾಟ್ ವಿಕಿಪೀಡಿಯ ಡಾಟ್ ಆರ್ಗ್’ ಎಂಬಲ್ಲಿ ‘ಆರ್ಗ್’ ವರ್ಗವನ್ನೂ, ‘ವಿಕಿಪೀಡಿಯ’ ನೋಂದಾಯಿತ ಹೆಸರನ್ನೂ, ‘ಕೆಎನ್’ ಕನ್ನಡದ ವಿಭಾಗವನ್ನೂ ಸೂಚಿಸುತ್ತವೆ. ನೋಂದಾಯಿತ ಹೆಸರಿನ ಎಡಕ್ಕೆ ಮಾಲೀಕರು ಏನನ್ನು ಬೇಕಾದರೂ ಸೇರಿಸಿಕೊಳ್ಳಬಹುದು. ವಂಚಕರಿಗೆ ಅನುಕೂಲವಾಗಿರುವುದೂ ಇದೇ. ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು ಮುಗಿದರೆ ಅದು ಸರ್ಕಾರದ್ದು, ಏಕೆಂದರೆ ‘ಗವ್ ಡಾಟ್ ಇನ್’ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಮೀಸಲು. ಆದರೆ ಅದರ ಬಲಕ್ಕೆ ಮತ್ತೊಂದು ಡಾಟ್, ಅಪರಿಚಿತ ಹೆಸರು ಮತ್ತು ‘ಕಾಮ್’ ಇದ್ದರೆ, ಆ ತಾಣ ಅಪರಿಚಿತನದೇ.

ಕೆಲವು ಬ್ರೌಸರುಗಳಲ್ಲಿ ವಿಳಾಸದ ಪಕ್ಕ ಕಾಣುವ ಬೀಗದ ಗುರುತನ್ನು ನಂಬಿ ಕೂರಬಾರದು. ಮಾಹಿತಿಯು ದಾರಿಯಲ್ಲಿ ಗೂಢಲಿಪಿಯಲ್ಲಿ ಸಾಗುತ್ತದೆಂದಷ್ಟೇ ಅದು ಹೇಳುತ್ತದೆ, ತಲುಪುವವನು ಪ್ರಾಮಾಣಿಕನೆಂದಲ್ಲ. ಇದೇ ತಪ್ಪು ತಿಳಿವಳಿಕೆಯ ಕಾರಣದಿಂದ ಗೂಗಲ್‌ನ ಬ್ರೌಸರ್ ಕ್ರೋಮ್ 2023ರಲ್ಲಿ ಆ ಗುರುತನ್ನು ಬದಲಿಸಿತು.

ಮೊಬೈಲಿನಲ್ಲಿ ವಿಳಾಸ ಅರ್ಧಂಬರ್ಧ ಕಾಣುವುದರಿಂದ, ಅದನ್ನು ಒತ್ತಿ ಪೂರ್ಣವಾಗಿ ನೋಡಬೇಕು. ಲಿಂಕ್ ತೆರೆಯುವ ಮೊದಲೇ ಅದರ ಮೇಲೆ ಬೆರಳನ್ನು ತುಸು ಹೊತ್ತು ಒತ್ತಿ ಹಿಡಿದರೆ, ಸಾಮಾನ್ಯವಾಗಿ ವಿಳಾಸ ಕಾಣಿಸುತ್ತದೆ.