ಶುಕ್ರ ಅಂದದ್ದಕ್ಕೆ ಸಂಬಂಧ ಕುದುರಿತು

ನಾನು ಕಲಬುರಗಿಯಲ್ಲಿ ಮದುವೆ ವಿಡಿಯೊ ತೆಗೆಯುವವನು. ಹದಿನಾಲ್ಕು ವರ್ಷದಿಂದ ಅಕ್ಷತೆ, ಮೆರವಣಿಗೆ, ಊಟದ ಪಂಕ್ತಿ, ಇವೇ. ಹೋದ ಬೇಸಿಗೆಯಲ್ಲಿ ಬುಕಿಂಗ್ ಇಲ್ಲದ ಹನ್ನೊಂದು ದಿನ ಸಿಕ್ಕವು. ಅಷ್ಟರಲ್ಲೇ 24 ನಿಮಿಷದ ಒಂದು ಸಿನಿಮಾ ಮಾಡಿದೆ. ವಯಸ್ಸು 37 ಆದರೂ ಬಾಹ್ಯಾಕಾಶದ ಕಥೆಗಳ ಹುಚ್ಚು ಬಿಡದ ಇಬ್ಬರ ಪ್ರೇಮಪ್ರಸಂಗ, ನಗಿಸುವಂಥದ್ದು. ಹುಡುಗ ತೊಗರಿಬೇಳೆಯ ದಾಲ್‌ಮಿಲ್ಲಿನಲ್ಲಿ ಲೆಕ್ಕ ಬರೆಯುವವ, ಹುಡುಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹುಡುಗ, ಹುಡುಗಿ ಅಂತಲೇ ಬರೆಯುತ್ತೇನೆ; ನಮ್ಮ ಕಡೆ ಮದುವೆ ಆಗುವ ತನಕ ಐವತ್ತಾದರೂ ಹುಡುಗನೇ.

ಮೊದಲು ಬರೆದ ಕಥೆ ಕೆಟ್ಟದಾಗಿತ್ತು. ಹುಡುಗ ಬೆಳ್ಳಿಬಣ್ಣದ ಅಂಗಿ ತೊಟ್ಟು ಸೂಪರ್ ಮಾರ್ಕೆಟ್‌ನಲ್ಲಿ ಬದನೆಕಾಯಿ ಚೌಕಾಸಿ ಮಾಡುವುದು, ಮಂದಿ ನಗುವುದು, ಇಂಥವೇ ತುಂಬಿದ್ದವು. ಐದು ಜನ ಗೆಳೆಯರನ್ನು ಕೂಡಿಸಿ ಓದಿದೆ. ನಾಲ್ವರು ನಕ್ಕರು. ಐದನೆಯವನು ನಗಲಿಲ್ಲ. ಅವನ ಕಪಾಟಿನಲ್ಲಿ ರಾಕೆಟ್ಟುಗಳ ಚಿತ್ರ ಬರೆದ ಶಾಲೆಯ ನೋಟ್‌ಬುಕ್ಕುಗಳು ಇನ್ನೂ ಇವೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದೆ, ಸುಳ್ಳು ಯಾಕೆ ಹೇಳಲಿ.

"ನನ್ನ ಮ್ಯಾಲೇ ಬರದೀ ಹೌದಿಲ್ಲೊ?" ಅಂದ. ಆಮೇಲೆ ಸ್ವಲ್ಪ ತಡೆದು, "ನಾವೇನು ಅದೆಲ್ಲ ಖರೇ ಅಂತ ನಂಬಂಗಿಲ್ಲೊ. ಸುಳ್ಳು ಹೇಳಿದ್ರೂ ಲೆಕ್ಕ ಸರಿ ಇರಬೇಕು ಅಂತೀವಿ, ಅಷ್ಟೇ" ಅಂದ.

ಆ ರಾತ್ರಿ ಇಡೀ ಕಥೆ ತೆಗೆದುಹಾಕಿದೆ. ಈ ಜನಕ್ಕೆ ತಪ್ಪು ಕಂಡರೆ ಸುಮ್ಮನಿರಲಾಗುವುದಿಲ್ಲ. ಹಾಗಿದ್ದರೆ ಇವರಿಬ್ಬರು ಪ್ರೀತಿ ಮಾಡುವುದೂ ತಪ್ಪು ತಿದ್ದುತ್ತಲೇ ಅಲ್ಲವೇ? ಕನ್ಯಾ ನೋಡುವ ಸೀನು ಅಲ್ಲಿಂದ ಹುಟ್ಟಿತು, ಐದನೆಯವನೇ ನಾಯಕನಾದ.

ಸೀನು ಹೀಗಿದೆ. ಮೇ ತಿಂಗಳು. ಉಪ್ಪಿಟ್ಟು, ಚುಡಾ, ಚಹಾ ಬಂದಿವೆ. ಇಬ್ಬರೂ ನೆಲ ನೋಡುತ್ತ ಕೂತಿದ್ದಾರೆ. ಹುಡುಗನ ಮಾಮಾ ಟಾವೆಲ್‌ನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಮಾತು ತೆಗೆಯುತ್ತಾನೆ: "ಏನ್ ಬಿಸಲ್ರೀ ಇದು! ಬುಧಗ್ರಹದ ಮ್ಯಾಲ ಕುಂತಂಗ ಆಗ್ಯಾದ. ಅದಕ್ಕಿಂತ ಬಿಸಿ ಎಲ್ಲ್ಯರ ಅದಾ?"

"ಶುಕ್ರ."

ಇಬ್ಬರ ಬಾಯಿಂದಲೂ ಒಟ್ಟಿಗೇ ಬರುತ್ತದೆ. ತಲೆ ಎತ್ತುತ್ತಾರೆ. ಬುಧ ಸೂರ್ಯನಿಗೆ ಹತ್ತಿರವಿದ್ದರೂ ಶಾಖ ಹಿಡಿದಿಡುವಷ್ಟು ಗಾಳಿ ಅಲ್ಲಿಲ್ಲ ಅಂತ ಇವನು ಶುರುಮಾಡಿದರೆ, ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಗೆ ಇಳಿಯುತ್ತದೆ ಅಂತ ಅವಳು ಮುಗಿಸುತ್ತಾಳೆ. ಶುಕ್ರನಿಗೆ ಇಂಗಾಲದ ಡೈಆಕ್ಸೈಡಿನ ದಪ್ಪ ಕೌದಿ ಹೊದೆಸಿದ ಹಾಗಿದೆ, ಹಗಲೂ ರಾತ್ರಿ 460 ಡಿಗ್ರಿ ಸುಮಾರು ಅಂತ ಇವನು. ಮಾಮಾಗೆ ಇದೊಂದೂ ತಲೆಗೆ ಹೋಗಿಲ್ಲ. ಶುಕ್ರ ಅನ್ನುವುದಷ್ಟೇ ಕಿವಿಗೆ ಬಿದ್ದಿದೆ. ಅವಳಪ್ಪನ ಕಡೆ ವಾಲಿ ಪಿಸುಗುಡುತ್ತಾನೆ: "ಕೇಳಿದ್ರಿ? ನಮ್ಮ ಹುಡುಗಗ ಶುಕ್ರದೆಸಿ ನಡದದ್ರೀ." ಅಪ್ಪನ ಮುಖ ಅರಳುತ್ತದೆ. ಅಲ್ಲಿಗೆ ಸಂಬಂಧ ಕುದುರಿತು.

ಈ ಒಂದೂವರೆ ನಿಮಿಷಕ್ಕೆ ಎರಡು ದಿನ ಹಿಡಿಯಿತು, ಕಾರಣ ಕೂಲರ್. ಮದುವೆ ವಿಡಿಯೊದಲ್ಲಿ ಕೂಲರ್ ಸದ್ದಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಮೇಲೆ ಹಾಡು ಎಳೆದುಬಿಡುತ್ತೇವೆ. ಇಲ್ಲಿ ಪಿಸುಮಾತೇ ಜೀವಾಳ. ಹೊರಗೆ 43 ಡಿಗ್ರಿ. ಕೂಲರ್ ಬಂದ್ ಮಾಡಿ, ಕಿಟಕಿ ಮುಚ್ಚಿ, ಒಂದು ಶಾಟ್ ತೆಗೆದು ಮತ್ತೆ ಚಾಲೂ ಮಾಡುವುದು. ಕಾಲರ್ ಮೈಕು ಬೆವರಿಗೆ ಜಾರಿ ಹೊಟ್ಟೆಗೆ ಇಳಿಯುತ್ತಿತ್ತು. ಮಾಮಾ ಪಾತ್ರದವರು ಕುತ್ತಿಗೆ ಒರೆಸಿಕೊಳ್ಳುವುದು ನಟನೆಯಲ್ಲ.

ಇವರಿಬ್ಬರ ಕನಸಿನ ಸೀನಿಗೆ ನೌಕೆಯ ಒಳಗಿನ ಓಣಿಯಂಥದ್ದು ಬೇಕಿತ್ತು. ನನ್ನ ಕಣ್ಣು ಕೋಟೆಯೊಳಗಿನ ಜಾಮಾ ಮಸೀದಿ ಮೇಲಿತ್ತು. 1367ರಲ್ಲಿ ಕಟ್ಟಿದ್ದು, ತೆರೆದ ಅಂಗಳವೇ ಇಲ್ಲ, ಎಲ್ಲವೂ ಚಾವಣಿಯ ಕೆಳಗೆ, ಕಮಾನಿನ ಹಿಂದೆ ಕಮಾನು. ಆದರೆ ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಶೂಟಿಂಗಿಗೆ ಮೊದಲೇ ಅನುಮತಿ ಬೇಕು, ನನ್ನ ಹನ್ನೊಂದು ದಿನದಲ್ಲಿ ಅದು ಆಗುವ ಮಾತಲ್ಲ. ನೌಕೆ ಬಿಟ್ಟೆ, ನೇರ ಗ್ರಹಕ್ಕೇ ಇಳಿಸಿದೆ: ಶಹಾಬಾದಿನ ಫರ್ಸಿ ಖಣಿ. ನಮ್ಮ ಮನೆಗಳ ನೆಲಕ್ಕೆಲ್ಲ ಹಾಸುವುದು ಅದೇ ಕಲ್ಲು. ಹಾಸುವ ಮುಂಚೆ ಅದನ್ನು ನೋಡಿದವರು ಕಡಿಮೆ. ಪದರ ಪದರವಾಗಿ, ಬೂದುಬಣ್ಣ, ಮೆಟ್ಟಿಲು ಮೆಟ್ಟಿಲು ಕೆಳಗಿಳಿದ ಹಳ್ಳ, ತಳದಲ್ಲಿ ಹಸಿರು ನೀರು. ಕ್ಯಾಮೆರಾದ ಚೌಕಟ್ಟಿನೊಳಗೆ ನೀರು ಬರದಂತೆ ನೋಡಿಕೊಂಡರೆ ಭೂಮಿ ಅಂತ ಹೇಳುವುದು ಕಷ್ಟ. ಖಣಿ ಮಾಲೀಕರು ಹಿಂದೊಮ್ಮೆ ನನ್ನ ಗಿರಾಕಿ, ಮಗಳ ಮದುವೆಯ ಆಲ್ಬಮ್ ತಡ ಮಾಡಿದ್ದನ್ನು ಮರೆತು ಒಪ್ಪಿಕೊಂಡರು.

ಹೆಲ್ಮೆಟ್ ಮಾಡಿದ್ದು 20 ಲೀಟರಿನ ನೀರಿನ ಕ್ಯಾನು ಕೊಯ್ದು. ಉಸಿರಿಗೆ ಒಳಗಡೆ ಮಂಜು ಕಟ್ಟಿ ನಾಯಕಿಯ ಮುಖವೇ ಕಾಣದು. ಹಿಂಬದಿಗೆ ಕಾಸಿದ ಮೊಳೆಯಿಂದ ತೂತು ಹಾಕಿದ ಮೇಲೆ ಸರಿಹೋಯಿತು.

ಆ ಸೀನಿಗೆ ಸದ್ದೇ ಇಟ್ಟಿಲ್ಲ. ಗಾಳಿ ಇಲ್ಲದ ಕಡೆ ಸದ್ದು ಎಲ್ಲಿಂದ ಬರಬೇಕು, ಲೆಕ್ಕ ಸರಿ ಇರಬೇಕಲ್ಲ. ಹದಿನಾಲ್ಕು ವರ್ಷದಲ್ಲಿ ಒಂದು ಸೆಕೆಂಡೂ ಸಂಗೀತವಿಲ್ಲದೆ ಬಿಟ್ಟವನಲ್ಲ ನಾನು. 40 ಸೆಕೆಂಡು ಖಾಲಿ ಬಿಡುವಾಗ ಕೈ ತುರಿಸಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ ಸೀನು ಮಾತ್ರ ಮಾಳಿಗೆ ಮೇಲಿನದು, ಖರ್ಚು ಶೂನ್ಯ. ಇಬ್ಬರೂ 1998ರ ಹೊತ್ತಿಗೆ ಹತ್ತು ವರ್ಷದವರು, ದೂರದರ್ಶನದಲ್ಲಿ ಕ್ಯಾಪ್ಟನ್ ವ್ಯೋಮ್ ಅನ್ನುವ ಬಾಹ್ಯಾಕಾಶದ ಧಾರಾವಾಹಿ ನೋಡಿ ಬೆಳೆದವರು. ಅವಳ ಓಣಿಯಲ್ಲಿ ಒಂದು ದಿನ ಸರಿಯಾಗಿ ಆ ಹೊತ್ತಿಗೇ ಕರೆಂಟ್ ಹೋಗಿತ್ತು. ನಿಶ್ಚಯ ಆದ ಮೇಲೆ ಹುಡುಗಿ ಕೇಳುವ ಮೊದಲ ಪ್ರಶ್ನೆ ಸಂಬಳದ್ದಲ್ಲ, ಮನೆಯದಲ್ಲ.

"ನಿಮ್ಮ ಓಣ್ಯಾಗ ಅವತ್ತು ಕರೆಂಟ್ ಇತ್ತೇನ್ರಿ?"

"ಇತ್ತು."

"ಹಂಗಾರ ಮುಂದ ಏನಾಯ್ತು, ಹೇಳ್ರಿ."

ಧಾರಾವಾಹಿಯ ತುಣುಕು ಹಾಕಲು ಹಕ್ಕು ಬೇಕು, ಅದು ನನ್ನ ಜೇಬಿನ ವಿಷಯವಲ್ಲ. ಹಾಗಾಗಿ ಇಡೀ ಕಂತನ್ನು ಅವನು ಕೈಯಲ್ಲೇ ತೋರಿಸುತ್ತಾನೆ. ಚಹಾದ ಬಟ್ಟಲು ನೌಕೆ, ಚಪ್ಪಲಿ ಶತ್ರು. ಅವನ ಮಾತು ಕೇಳಿಸುವುದಿಲ್ಲ, ಕ್ಯಾಮೆರಾ ಅವಳ ಮುಖದ ಮೇಲೇ ನಿಂತಿದೆ. ಮೂರು ನಿಮಿಷ, ಒಂದೇ ಶಾಟ್. ಕತ್ತರಿಸು ಅಂತ ಎಲ್ಲರೂ ಹೇಳಿದರು, ಕತ್ತರಿಸಲಿಲ್ಲ. 27 ವರ್ಷ ಕಾದವಳಿಗೆ ಮೂರು ನಿಮಿಷ ಜಾಸ್ತಿಯೇ?

ಪ್ರದರ್ಶನ ಒಂದು ಕಲ್ಯಾಣ ಮಂಟಪದಲ್ಲಿ, ನನ್ನದೇ ಪ್ರೊಜೆಕ್ಟರ್. ಶುಕ್ರದೆಸಿಗೆ ಸಿಳ್ಳೆ ಬಿದ್ದವು. ಖಣಿಯ ಸೀನಿಗೆ ಹಿಂದಿನ ಸಾಲಿನಿಂದ "ಏ, ಆವಾಜ್ ಹೋಯ್ತು, ವಾಯರ್ ನೋಡ್ರೋ!" ಅಂತ ಕೂಗು, ಒಬ್ಬರು ಎದ್ದುಬಂದು ಸ್ಪೀಕರಿನ ಪಿನ್ ತೆಗೆದು ಮತ್ತೆ ಚುಚ್ಚಿದರು. ಮಾಳಿಗೆ ಸೀನಿಗೆ ಯಾರೂ ಕೂಗಲಿಲ್ಲ.

ಮುಗಿದ ಮೇಲೆ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಬಂದು ನಿಂತಳು.

"ಅಂಕಲ್, ಮಾಳಿಗಿ ಸೀನ್‌ನಾಗ ಚಂದ್ರ ತಪ್ಪದಾನ್ರಿ. ಹೊತ್ತು ಮುಣಗಿದ್ದು ಎಡಕ್ಕ ತೋರ್ಸೀರಿ. ಚಂದ್ರನ ಬೆಳಕಿನ ಮಗ್ಗಲು ಆ ಕಡಿಗೇ ಇರ್ಬೇಕು. ನಿಮ್ದು ಕೋಡು ಆ ಕಡಿಗವ."

ಆ ಚಂದ್ರ ನಾನು ಎಡಿಟಿಂಗ್‌ನಲ್ಲಿ ಅಂಟಿಸಿದ್ದು. ನಾಯಕ ಪಕ್ಕದಲ್ಲೇ ಇದ್ದ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದ. ಅವನಿಗೆ ಮೊದಲೇ ಗೊತ್ತಿತ್ತಂತೆ. ಮನೆಗೆ ಹೋದವನೇ ಕಂಪ್ಯೂಟರ್ ಹಚ್ಚಿ ಚಂದ್ರನನ್ನು ತಿರುವಿ ಹಾಕಿದೆ. ಮತ್ತೆ ಎಕ್ಸ್‌ಪೋರ್ಟ್ ಆಗುವ ಹೊತ್ತಿಗೆ ಬೆಳಗಿನ ನಾಲ್ಕು ಗಂಟೆ. ಆರಕ್ಕೆ ಆಳಂದದಲ್ಲಿ ಒಂದು ಮದುವೆ ಇತ್ತು.